ಬೆನ್ನಿಗೆ ಅಡಿಕೆ ಹೊಲಿದ ಬನಿಯನ್ನು

ನಮ್ಮ ಮನೇಲಿ ಗಂಭೀರವಾಗಿ ಶುರುವಾದ ಸಂಗತಿ ಯಾವುದೂ ಗಂಭೀರವಾಗಿ ಮುಗಿದಿದ್ದೇ ಇಲ್ಲ. ಜೀವ ಹೋಗೋ ವಿಷಯ ಅಂತ ನಾನು ಎದೆ ಹಿಡ್ಕೊಂಡು ಕೂತಿದ್ರೆ, ಸುತ್ತ ಇರೋ ಜನ ಹೊಟ್ಟೆ ಹಿಡ್ಕೊಂಡು ನಗ್ತಿರ್ತಾರೆ. ಈಗ ನಾನೂ ನಗ್ತೀನಿ ಅನ್ನಿ. ಆಗ ಮಾತ್ರ ನಗೋರನ್ನ ಕಂಡ್ರೆ ಕತ್ತರಿ ತಗೊಂಡು ಹೋಗೋಣ ಅನ್ನಿಸೋದು.

ಎಂಬತ್ತರ ದಶಕದ ನಡುವಿನ ಮಾತು. ಹೊನ್ನಾಳಿ ಬಸ್ ಸ್ಟ್ಯಾಂಡ್ ಹಿಂದಿನ ಬೀದೀಲಿ ನಾನು ರವಿಕೆ ಹೊಲೀತಿದ್ದೆ. ನಮ್ಮೋರು ಪ್ರೈವೇಟ್ ಬಸ್ಸಿನ ಡ್ರೈವರು. ಒಳ್ಳೇ ಕೈ, ಒಳ್ಳೇ ಬಾಯಿ, ಒಂದು ಚಟ ಇಲ್ಲ. ಇದ್ದಿದ್ದು ಗೊರಕೆ ಒಂದೇ. ಬರೀ ಗೊರಕೆ ಆಗಿದ್ರೆ ಹತ್ತಿ ಇಟ್ಕೊಂಡು ಮಲಗ್ತಿದ್ದೆ. ಇದು ಏರ್ತಾ ಏರ್ತಾ ಹೋಗಿ ಫಕ್ಕನೆ ನಿಂತುಬಿಡೋದು. ಅದರ ಜೊತೆ ಉಸಿರೂ ನಿಂತುಬಿಡೋದು! ಭುಜ ಹಿಡಿದು ಅಲ್ಲಾಡಿಸಿದ್ರೆ "ಹಾಂ" ಅಂತ ಗಾಳಿ ಎಳ್ಕೊಂಡು ಮತ್ತೆ ಶುರು. ಬೆಳಗಾದ್ರೆ ಅವರಿಗೆ ತೂಕಡಿಕೆ, ನನಗೆ ಬೆರಳಿಗೆ ಸೂಜಿ. ಬಸ್ಸು ತುಂಬ ಜನರನ್ನ ಕೂರಿಸ್ಕೊಂಡು ಹೋಗೋ ಮನುಷ್ಯ ತೂಕಡಿಸಿದ್ರೆ ಏನು ಗತಿ ಅಂತ, ಅವರು ಟ್ರಿಪ್ ಮುಗಿಸಿ ಬರೋವರೆಗೂ ನನ್ನ ಕಿವಿ ಬಸ್ ಸ್ಟ್ಯಾಂಡ್ ಕಡೆಗೇ.

ಗದ್ದೆ ಸ್ಟಾಪು

ಹೆದರಿದಂಗೇ ಆಯ್ತು. ಊಟದ ಮೇಲಿನ ಟ್ರಿಪ್ಪು, ಹೊನ್ನಾಳಿಯಿಂದ ಚನ್ನಗಿರಿಗೆ. ದಾರಿ ನಡುವೆ ನಮ್ಮೋರಿಗೆ ಕಣ್ಣು ಹತ್ತಿತು. ಬಸ್ಸು ನಿಧಾನಕ್ಕೆ ರಸ್ತೆ ಬಿಟ್ಟು, ಬದು ದಾಟಿ, ಭತ್ತದ ಗದ್ದೆಗೆ ಇಳಿದು ಕೆಸರಲ್ಲಿ ಕೂತುಬಿಡ್ತು. ದೇವರು ದೊಡ್ಡೋನು, ಯಾರಿಗೂ ಒಂದು ತರಚುಗಾಯ ಇಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಒಬ್ಬ ಅಜ್ಜಿ ಎದ್ದು, ಗಂಟು ತಗೊಂಡು, ಸೀರೆ ಮೇಲಕ್ಕೆತ್ತಿ ಇಳಿದಳಂತೆ.

"ಎಷ್ಟು ವರ್ಷದಿಂದ ಕೇಳ್ತಿದ್ದೆ ಇಲ್ಲಿ ನಿಲ್ಸೋ ಅಂತ. ನೀನೊಬ್ಬ ನೋಡಪ್ಪ, ನಮ್ಮ ಗದ್ದೆ ಒಳಗೇ ತಂದು ಬಿಟ್ಟೆ. ನಿನ್ನ ಹೊಟ್ಟೆ ತಣ್ಣಗಿರಲಿ!"

ಬಸ್ಸಿನ ಮಾಲೀಕರಿಗೆ ಹೊಟ್ಟೆ ತಣ್ಣಗಿರಲಿಲ್ಲ. "ಈ ನಿದ್ದೆ ವಾಸಿ ಆಗೋ ತನಕ ಸ್ಟೇರಿಂಗ್ ಮುಟ್ಟಂಗಿಲ್ಲ. ಟಿಕೆಟ್ ಚೆಕಿಂಗ್ ಮಾಡ್ಕೊಂಡಿರು" ಅಂದ್ರು. ಅವರು ಹೇಳಿದ್ದು ನ್ಯಾಯವೇ. ಆದ್ರೆ ಸ್ಟೇರಿಂಗ್ ಹೋದ ನಮ್ಮೋರನ್ನ ಮನೇಲಿ ನೋಡಾಕೆ ಆಗ್ತಿರಲಿಲ್ಲ. ಊಟಕ್ಕೆ ಕೂತ್ರೆ ತಟ್ಟೇನ ಎರಡೂ ಕೈಲಿ ಹಿಡಿದು ಸುಮ್ನೆ ಆ ಕಡೆ ಈ ಕಡೆ ತಿರುಗಿಸ್ತಾ ಇರೋರು. ನನಗೆ ಅಳು ಬರೋದು. ಸಾರು ಚೆಲ್ಲಿದಾಗ ಸಿಟ್ಟು ಬರೋದು.

ಹೋಳಿಗೆ ಪಂಕ್ತಿ

ಅದಾದ ಮೇಲೆ ನ್ಯಾಮತೀಲಿ ನಮ್ಮ ಸೋದರತ್ತೆ ಮಗಳ ಮದುವೆ. ಪಂಕ್ತೀಲಿ ಕೂತ ನಮ್ಮೋರು ಕೋಸಂಬರಿ ಬರೋದ್ರೊಳಗೆ ಗೋಡೆಗೆ ಒರಗಿದ್ರು. ಗೊರಕೆ ಶುರುವಾಯ್ತು, ಪಂಕ್ತಿ ಎಲ್ಲ ನಕ್ಕಿತು. ಗೊರಕೆ ನಿಂತಿತು. ಪಂಕ್ತಿ ಇನ್ನೂ ನಗ್ತಿತ್ತು. ನಾನು ಹೆಂಗಸರ ಸಾಲಿನಿಂದ ಎದ್ದು ಓಡಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೂಗಿನ ಹತ್ರ ಬೆರಳಿಟ್ಟು ನೋಡಿ, "ಅಯ್ಯೋ ಶಿವನೇ, ಹೋಗಿಬಿಟ್ಟ!" ಅಂದುಬಿಟ್ರು.

ಮುಗೀತು. ಒಬ್ಬರು ಹಣೆಗೆ ವಿಭೂತಿ ಬಳಿದ್ರು. ಇನ್ನೊಬ್ಬರು ಕೊನೇ ಗುಟುಕು ಅಂತ ಬಾಯಿಗೆ ನೀರು ಬಿಟ್ರು. ಮಂಗಳವಾದ್ಯದೋರು ನಿಲ್ಲಿಸಿದ್ರು. ನಮ್ಮೋರ ತಾಯಿ ಎದೆ ಬಡ್ಕೊಳ್ಳಾಕೆ ಕೈ ಎತ್ತಿದ್ರು. ನಾನು ಜನರನ್ನ ತಳ್ಳಿ ಒಳಗೆ ನುಗ್ಗಿ ಭುಜ ಹಿಡಿದು ಅಲ್ಲಾಡಿಸಿದ್ದೇ ತಡ, ಬಾಯಲ್ಲಿದ್ದ ನೀರು ಹಿರಿಯರ ಮುಖಕ್ಕೆ ಎಗರಿಸಿ, "ಹಾಂ" ಅಂತ ಎದ್ದು ಕೂತು, ಎಲೆ ನೋಡಿ ಕೇಳಿದ್ರು: "ಹೋಳಿಗೆ ಮುಗಿದೋಯ್ತಾ?"

ಎಲ್ಲ ನಕ್ಕರು. ನಾನು ಮಾತ್ರ ಸಂಜೆವರೆಗೂ ಅವರ ಪಕ್ಕ ಬಿಟ್ಟು ಏಳಲಿಲ್ಲ. ಇದು ನಿದ್ದೆ ಅಲ್ಲ, ಕಾಯಿಲೆ, ಇವತ್ತಲ್ಲ ನಾಳೆ ಈ ಮನುಷ್ಯ ಕೈ ತಪ್ಪಿ ಹೋಗ್ತಾರೆ ಅಂತ ಅವತ್ತೇ ನನಗೆ ಗಟ್ಟಿಯಾಯ್ತು.

ಮಾತ್ರೆ ಯಾರಿಗೆ

ಚನ್ನಗಿರೀಲಿ ಒಬ್ಬ ಹೆಸರುವಾಸಿ ಡಾಕ್ಟರಿದ್ರು. ಇವರನ್ನ ಕರ್ಕೊಂಡು ಹೋದೆ. ಅವರು ಎದೆಗೆ ಕೊಳವೆ ಇಟ್ಟು, ಬೆನ್ನು ತಟ್ಟಿ, "ಗೊರಕೆ ಅಂದ್ರೆ ಗಾಢ ನಿದ್ದೆ. ಪುಣ್ಯವಂತ. ನನಗೆ ಬರಲಿ ಅಂದ್ರೂ ಬರಲ್ಲ" ಅಂದ್ರು.

"ಉಸಿರು ನಿಲ್ತದೆ ಸಾರ್. ನಾನು ಅಲ್ಲಾಡಿಸ್ತಾ ಇರ್ಬೇಕು."

"ಅಂದ್ರೆ ನಿದ್ದೆ ಇಲ್ಲದಿರೋದು ನಿಮಗೆ" ಅಂತ ನನ್ನ ಕಣ್ಣ ರೆಪ್ಪೆ ಎಳೆದು ನೋಡಿ, ನನಗೆ ನಿದ್ದೆ ಮಾತ್ರೆ ಬರೆದುಕೊಟ್ರು! ನಾನು ಮಲಗಿಬಿಟ್ರೆ ಇವರನ್ನ ಎಬ್ಬಿಸೋರು ಯಾರು, ಅವರಪ್ಪನಾ? ಚೀಟಿ ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ.

ದಾವಣಗೆರೆಯ ಗಂಟಲು ಡಾಕ್ಟರು ಒಬ್ಬರೇ ನಗಲಿಲ್ಲ. ಇನ್ನೂ ಮೀಸೆ ಸರಿಯಾಗಿ ಬರದ ಹುಡುಗು ಮುಖದ ಡಾಕ್ಟರು. "ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಕೊಳ್ಳುತ್ತೆ. ಒಳಗೆ ಗಂಟು ಬೇರೆ ಊದ್ಕೊಂಡಿದೆ, ತೆಗೀಬೇಕು. ತೂಕ ಇಳಿಸ್ಬೇಕು. ಹೊರದೇಶದಲ್ಲಿ ಮೂಗಿಗೆ ಗಾಳಿ ಊದೋ ಯಂತ್ರ ಮಾಡಿದ್ದಾರಂತೆ. ಅದು ಇಲ್ಲಿಗೆ ಬರೋವರೆಗೂ ಬೆನ್ನ ಹಿಂದೆ ಒಂದು ಚೆಂಡು ಹೊಲೀರಿ. ಅಂಗಾತ ಆದ್ರೆ ಒತ್ತಬೇಕು, ಪಕ್ಕಕ್ಕೆ ತಿರುಗಬೇಕು" ಅಂದ್ರು. ನನ್ನ ಮಾತು ನಂಬಿದ್ರಲ್ಲ ಅಂತ ಅವರ ಕಾಲು ಹಿಡಿಯೋದೊಂದು ಬಾಕಿ.

ಗಂಟಲಿನ ಆಪರೇಷನ್ ಆಯ್ತು. ರಬ್ಬರ್ ಚೆಂಡು ಹೊಲಿದೆ, ಇವರ ಭಾರಕ್ಕೆ ಒಂದು ವಾರದಲ್ಲಿ ಅಪ್ಪಚ್ಚಿ. ಆಮೇಲೆ ಯೋಚನೆ ಬಂತು. ಸುತ್ತ ಅಡಿಕೆ ಸೀಮೆ ಇಟ್ಕೊಂಡು ಚೆಂಡು ಯಾಕೆ? ಸಿಪ್ಪೆ ಸಮೇತ ಒಣಗಿದ ದಪ್ಪ ಗೋಟಡಿಕೆ ತಂದು, ಬನಿಯನ್ನಿನ ಬೆನ್ನಿಗೆ ಉದ್ದಕ್ಕೆ ಚೀಲ ಹೊಲಿದು, ಸಾಲಾಗಿ ತುಂಬಿ ಬಾಯಿ ಮುಚ್ಚಿದೆ. ನಿದ್ದೇಲಿ ಕಿತ್ತು ಬಿಸಾಕ್ತಾರೆ ಅಂತ ಗುಂಡಿ ಹಿಂದುಗಡೆ ಇಟ್ಟೆ.

"ನಾನೇನು ಅಡಿಕೆ ಮೂಟೆನಾ?" ಅಂತ ರೇಗಿದ್ರು.

"ಮೂಟೆ ಆಗಿದ್ರೆ ಉಸಿರಾಡೋದೇ ಬೇಕಿರಲಿಲ್ಲ. ಸುಮ್ನೆ ತೋಳು ಎತ್ರಿ" ಅಂದೆ.

ಅಡಿಕೆ ಕಳ್ಳ

ಬನಿಯನ್ನು ಕೆಲಸ ಮಾಡ್ತು. ಹಗಲು ಕಣ್ಣು ಎಳೆದ್ರೂ ಅದನ್ನ ಹಾಕ್ಕೊಂಡೇ ಒರಗ್ಬೇಕು ಅಂತ ಆಣೆ ಹಾಕಿಸ್ಕೊಂಡಿದ್ದೆ. ಒಂದು ದಿನ ಕೆರೆಬಿಳಚಿ ಸ್ಟಾಪಿನಲ್ಲಿ ಚೆಕಿಂಗಿಗೆ ಇಳಿದೋರು, ಮುಂದಿನ ಬಸ್ಸು ಬರೋ ತನಕ ಮರದ ಕೆಳಗೆ ಪಕ್ಕಕ್ಕೆ ತಿರುಗಿ ಮಲಗಿದಾರೆ. ಅದು ಅಡಿಕೆ ಕೊಯ್ಲಿನ ಕಾಲ, ತೋಟಗಳಲ್ಲಿ ಕಳವು ಜಾಸ್ತಿ. ದಾರೀಲಿ ಹೋಗ್ತಿದ್ದ ತೋಟದ ಗೌಡರೊಬ್ಬರು ಇವರ ಬೆನ್ನ ಮೇಲಿನ ಉಬ್ಬು ನೋಡಿದ್ರು. ಬಗ್ಗಿ ಒಂದನ್ನ ಹಿಚುಕಿದ್ರು. ಅಡಿಕೆ ಸೀಮೆ ಬೆರಳು, ಬಟ್ಟೆ ಮೇಲಿಂದಲೇ ಗೊತ್ತಾಯ್ತು.

"ಹಿಡೀರ್ಲೇ! ಮೈಯಾಗೆ ಹೊಲ್ಕೊಂಡು ಸಾಗಿಸ್ತಾವ್ನೆ!"

ಆಳುಗಳು ಬಂದು ಇವರನ್ನ ಎಬ್ಬಿಸಿ ನಿಲ್ಲಿಸಿ, ಅಂಗಿ ಬಿಚ್ಚಿಸಿ, ನನ್ನ ಹೊಲಿಗೆ ಕಿತ್ತು ಅಡಿಕೆ ಸುರುವಿದ್ರು. "ಔಷಧ ಕಣ್ರೀ, ಡಾಕ್ಟರು ಹೇಳ್ಯಾರೆ" ಅಂತ ನಮ್ಮೋರು ಅಂಗಲಾಚಿದ್ರಂತೆ.

"ಅಡಿಕೆ ಬಾಯಾಗೆ ಹಾಕೋದು ಗೊತ್ತೈತೆ. ಬೆನ್ನಿಗೆ ಹಾಕೋ ಔಷಧ ಯಾವುದೋ? ಮಲಗಿ ತೋರಿಸು, ನೋಡೋಣ."

ಇವರಿಗೆ ಮಲಗು ಅನ್ನೋದೇ ಹೆಚ್ಚು. ಅಂಗಾತ ಬಿದ್ರು. ಗೊರಕೆ ಏರಿತು, ನಿಂತಿತು. ಗೌಡರು ಕಾದ್ರು. ಎದೆ ಏಳಲಿಲ್ಲ. ಆಳು ಒಬ್ಬ, "ಗೌಡ್ರೇ, ನಿಮ್ಮ ಮೇಲೆ ಕೊಲೆ ಕೇಸು ಬರ್ತೈತೆ" ಅಂದನಂತೆ. ಗೌಡರು ಬೆವೆತುಹೋಗಿ, ಚೆಲ್ಲಿದ ಅಡಿಕೆನೆಲ್ಲ ತಾವೇ ಆಯ್ದು ಇವರ ಬೆನ್ನಿನಡಿಗೆ ತುರುಕಿ ಹೊರಳಿಸಿದ್ರು. "ಹಾಂ" ಅಂತ ಉಸಿರು ಬಂತು.

ಸಂಜೆ ಮನೆಗೆ ಬಂದ ನಮ್ಮೋರ ಕೈಲಿ ಒಂದು ಚೀಲ ಇತ್ತು. ಒಳಗೆ ಗೌಡರ ತೋಟದ ದಪ್ಪ ದಪ್ಪ ಗೋಟು. "ನಿನ್ನವು ಸಣ್ಣವಂತೆ. ಇನ್ನು ಮುಂದೆ ಇವನ್ನೇ ಹೊಲೀಬೇಕಂತೆ" ಅಂದ್ರು.

ಸಂಬಂಧವಿಲ್ಲದ ಸಾಕ್ಷಿ

ಮಾಲೀಕರು ತಮ್ಮ ಕೆಲಸದವರಿಗೆಲ್ಲ ಒಟ್ಟಿಗೆ ವಿಮೆ ಮಾಡಿಸಿದ್ರು. ಆಪರೇಷನ್ ಖರ್ಚು ಕೇಳಾಕೆ ದಾವಣಗೆರೆಯ ವಿಮೆ ಆಫೀಸಿಗೆ ಇವರ ಜೊತೆ ಹೋದೆ. ಅಲ್ಲಿನ ಸಾಹೇಬರು ದಪ್ಪಗೆ, ಕುರ್ಚಿ ತುಂಬ ಇದ್ರು. ಕಾಗದ ನೋಡಿ, "ಗೊರಕೆ ರೋಗ ಅಲ್ಲಮ್ಮ, ಅಭ್ಯಾಸ. ಅಭ್ಯಾಸಕ್ಕೆ ದುಡ್ಡು ಕೊಡಾಕೆ ಬರಲ್ಲ" ಅಂದ್ರು.

"ಸರಿ ಸಾರ್, ರೋಗ ಅಲ್ಲ ಅಂತ ನೀವೇ ಅಂದ್ರಿ. ಹಂಗಾದ್ರೆ ಇವರು ಬಸ್ಸು ಓಡಿಸಬಹುದು ಅಂತ ಮಾಲೀಕರಿಗೆ ಒಂದು ಮಾತು ಬರೆದುಕೊಡ್ರಿ."

"ಅದೆಂಗಮ್ಮ ಆಗುತ್ತೆ? ನಿದ್ದೇಲಿ ಉಸಿರು ನಿಲ್ಲೋದು ಭಯಂಕರ ರೋಗ!"

ನನಗೆ ಮೈಯೆಲ್ಲ ಉರಿದುಹೋಯ್ತು. "ದುಡ್ಡು ಕೊಡುವಾಗ ಅಭ್ಯಾಸ, ಕೆಲಸ ಕೊಡುವಾಗ ರೋಗ! ಒಂದು ಬಾಯಲ್ಲಿ ಎರಡು ನಾಲಿಗೆ ಹೆಂಗ್ರೀ ಇಟ್ಕೊಂಡಿದೀರಿ?" ಅಂದೆ. ನಮ್ಮೋರು ನನ್ನ ಸೆರಗು ಜಗ್ಗಿದ್ರು.

ಸಾಹೇಬರು ಕನ್ನಡಕ ತೆಗೆದು ಸಮಾಧಾನವಾಗಿ ಹೇಳಿದ್ರು. "ರೋಗ ಅಂತ ಒಪ್ಕೋಬೇಕಾದ್ರೆ ಉಸಿರು ನಿಲ್ಲೋದನ್ನ ಕಣ್ಣಾರೆ ಕಂಡ ಸಾಕ್ಷಿ ಬೇಕು. ಹೆಂಡತಿ ಹೇಳಿಕೆ ನಡೆಯಲ್ಲ. ರಕ್ತಸಂಬಂಧಿಕರೂ ಆಗಲ್ಲ. ಸಂಬಂಧವೇ ಇಲ್ಲದೋರು ಆಗಬೇಕು."

"ಗಂಡ ಹೆಂಡ್ತಿ ಮಲಗೋ ಕೋಣೇಲಿ ಸಂಬಂಧವೇ ಇಲ್ಲದೋರು ಎಲ್ಲಿಂದ ಬರ್ತಾರ್ರೀ?"

ಪಕ್ಕದ ಗುಮಾಸ್ತ ಎದ್ದು ಹೊರಗೆ ಓಡಿದ. ಗೋಡೆ ಆಚೆ ಅವನು ನಗೋದು ನಮಗೆ ಕೇಳಿಸ್ತಿತ್ತು.

ಜಗಳೂರಿನ ದಾರಿ

ದುಡ್ಡು ಬರಲಿಲ್ಲ, ಆದ್ರೂ ನಾವು ಬಿಡಲಿಲ್ಲ. ಮಧ್ಯಾಹ್ನದ ಅನ್ನ ಬಿಡಿಸಿದೆ, ಮುದ್ದೆ ಚಿಕ್ಕದು ಮಾಡಿದೆ. ದಿನಾ ಬೆಳಿಗ್ಗೆ ಹೊಳೆ ಸೇತುವೆವರೆಗೂ ನಡೆಸಿದೆ. ಎಷ್ಟೋ ಸಲ ಬನಿಯನ್ನು ಬಿಸಾಕಿ, "ಯಾರಿಗೆ ಬೇಕಾಗೈತೆ ಈ ಬಾಳು" ಅಂದ್ರು. "ನನಗೆ ಬೇಕಾಗೈತೆ" ಅಂತ ತಿರುಗಿ ತೊಡಿಸಿದೆ. ವರ್ಷ ತುಂಬೋದ್ರೊಳಗೆ ಹೊಟ್ಟೆ ಕರಗಿತು, ತೂಕಡಿಕೆ ಹೋಯ್ತು.

ದಾವಣಗೆರೆ ಡಾಕ್ಟರು ವಾಸಿ ಅಂದ್ರೂ ಮಾಲೀಕರಿಗೆ ನಂಬಿಕೆ ಬರಲಿಲ್ಲ. "ನಮ್ಮ ಬಸ್ಸಿಗೂ ಅವರದೇ ವಿಮೆ, ಆ ಸಾಹೇಬರು ಜಗಳೂರಿಗೆ ಹೋಗೋರಿದಾರೆ. ಅವರ ಎದುರಿಗೇ ಊಟದ ಮೇಲಿನ ಟ್ರಿಪ್ಪು ಓಡಿಸು. ಒಂದು ಸಲ ಕಣ್ಣು ಮುಚ್ಚಿದ್ರೂ ನಮಗೂ ನಿನಗೂ ಮುಗೀತು" ಅಂದ್ರು.

ಬೇಸಿಗೆಯ ಸುಡುಬಿಸಿಲು. ದಾವಣಗೆರೇಲಿ ಸಾಹೇಬರು ಮೆಸ್ಸಿನಲ್ಲಿ ಪುಷ್ಕಳವಾಗಿ ಉಂಡು ಬಂದು ಡ್ರೈವರ್ ಪಕ್ಕದ ಮೊದಲನೇ ಸೀಟಲ್ಲಿ ಕೂತ್ರು. ಅವರ ಹಿಂದೆ ನಾನು. ವಿಷಯ ಕಂಡಕ್ಟರ್ ಬಾಯಿಂದ ಬಸ್ಸಿಗೆಲ್ಲ ಹಬ್ಬಿತ್ತು. ಒಬ್ಬರೂ ಕಿಟಕಿ ಕಡೆ ನೋಡ್ತಿಲ್ಲ, ಎಲ್ಲರ ಕಣ್ಣೂ ನಮ್ಮೋರ ತಲೆ ಮೇಲೆ. ಅವರು ನೊಣ ಓಡಿಸಾಕೆ ತಲೆ ಆಡಿಸಿದ್ರೂ ಬಸ್ಸಿಗೆ ಬಸ್ಸೇ "ಹೋ" ಅನ್ನೋದು. ನಾನು ಸೀಟಿನ ಕಂಬಿ ಹಿಡಿದ ಕೈ ಬಿಡಲಿಲ್ಲ. ಬಯಲು ರಸ್ತೆ, ಬಿಸಿಗಾಳಿ, ಇಂಜಿನ್ನಿನ ಜೋಗುಳ. ಹಳೇ ಮನುಷ್ಯ ಆಗಿದ್ರೆ ಎಂದೋ ಬಿದ್ದಿರೋರು.

ಆಗ ಗೊರಕೆ ಕೇಳಿಸ್ತು.

ನಾನು ಬಗ್ಗಿ ನೋಡಿದ್ರೆ ನಮ್ಮೋರು ಕಣ್ಣು ಬಿಟ್ಕೊಂಡೇ ಇದಾರೆ. ಗೊರಕೆ ಸಾಹೇಬರದು! ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು, ಏರ್ತಾ ಏರ್ತಾ ಹೋಗಿ, ಫಕ್ಕನೆ ನಿಂತೋಯ್ತು. ನಮ್ಮೋರು ಬಸ್ಸು ಪಕ್ಕಕ್ಕೆ ಹಾಕಿ ಬ್ರೇಕ್ ಒತ್ತಿ ಕೂಗಿದ್ರು: "ಲೇ, ಸಾಹೇಬರ ಉಸಿರು ನಿಂತೈತೆ, ಹೊರಳಿಸೇ!"

ನಾನು ಎದ್ದು ಭುಜ ಹಿಡಿದು ಜೋರಾಗಿ ಅಲ್ಲಾಡಿಸಿದೆ. "ಹಾಂ" ಅಂತ ಗಾಳಿ ಎಳ್ಕೊಂಡು ಕಣ್ಣು ಬಿಟ್ರು. ಸುತ್ತ ಇಡೀ ಬಸ್ಸಿನ ಜನ ಬಗ್ಗಿ ನಿಂತಿದ್ರು.

"ಏನಾಯ್ತು?"

"ಏನಿಲ್ಲ ಸಾರ್, ಅಭ್ಯಾಸ" ಅಂದೆ. "ಸಂಬಂಧವೇ ಇಲ್ಲದ ಸಾಕ್ಷಿಗಳು ಬಸ್ಸು ತುಂಬ ಅವ್ರೆ, ಬೇಕಾದ್ರೆ ಕೇಳ್ರಿ."

ಜಗಳೂರಲ್ಲಿ ಇಳಿದ ಮೇಲೆ ಸಾಹೇಬರು ನಮ್ಮೋರಿಗೆ ಬಸ್ಸು ಓಡಿಸಬಹುದು ಅಂತ ಅಲ್ಲೇ ನಿಂತು ಬರೆದುಕೊಟ್ರು. ಆಮೇಲೆ ನನ್ನನ್ನ ಪಕ್ಕಕ್ಕೆ ಕರೆದು ಪಿಸುಗುಟ್ಟಿದ್ರು. "ಅಮ್ಮಾ, ಕಂಡಕ್ಟರ್ ಹೇಳ್ತಿದ್ದ ಆ ಅಡಿಕೆ ಬನಿಯನ್ನು ನನಗೂ ಒಂದು ಹೊಲಿದುಕೊಡಿ. ನಮ್ಮ ಆಫೀಸಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದ್ರೆ ನನಗೆ ಪಾಲಿಸಿ ಕೊಡಲ್ಲ!"

ಸೆರಗಿನ ಅಂಚಿನಲ್ಲೇ ಅವರ ಬೆನ್ನಿನ ಅಳತೆ ತಗೊಂಡೆ.

ವಾಪಸ್ ಬರುವಾಗ ಅದೇ ಸೀಟಲ್ಲಿ ಕೂತಿದ್ದು ನೆನಪೈತೆ. ಆಮೇಲೆ ಕಂಡಕ್ಟರು "ಅಕ್ಕಾ, ಹೊನ್ನಾಳಿ" ಅಂತ ಎಬ್ಬಿಸಿದ್ದೇ. ಎಷ್ಟೋ ವರ್ಷ ಆಗಿತ್ತು ನಾನು ಹಂಗೆ ಮೈಮರೆತು ಮಲಗಿ. ನಮ್ಮೋರು ಸ್ಟೇರಿಂಗ್ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ ನಗ್ತಿದ್ರು.

"ಏನು ಗೊರಕೆ ಹೊಡೆದ್ಯೇ! ಎಲ್ಲಿ ನಿನ್ನ ಉಸಿರು ನಿಲ್ತದೋ ಅಂತ ದಾರಿ ಉದ್ದಕ್ಕೂ ಕನ್ನಡೀಲಿ ನಿನ್ನ ಮುಖವೇ ನೋಡ್ಕೊಂಡು ಬಂದೆ."

ನನಗೆ ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ಸಿಟ್ಟೂ ಬಂತು.

"ದಾರಿ ಉದ್ದಕ್ಕೂ ನನ್ನ ಮುಖ ನೋಡಿದ್ರಾ? ಮತ್ತೆ ರಸ್ತೆ ಯಾರ್ರೀ ನೋಡಿದ್ದು?"