ನನ್ನ ಎಡಗಿವಿಗೆ ಮಾವನವರ ಮೇಸ್ತ್ರಿಕೆ

ನಮ್ಮ ಮಾವನವರು ತಟ್ಟಿ ನೋಡದೆ ಒಪ್ಪಿಕೊಂಡ ವಸ್ತು ಈ ಭೂಮಿಯ ಮೇಲೆ ಒಂದೂ ಇರಲಿಲ್ಲ! ತೆಂಗಿನಕಾಯಿ ತಟ್ಟುವುದು, ಗಡಿಗೆ ತಟ್ಟುವುದು ಎಲ್ಲರೂ ಮಾಡುವ ಕೆಲಸ, ಅದರಲ್ಲೇನು ಹೆಚ್ಚುಗಾರಿಕೆ? ಇವರು ಊಟಕ್ಕೆ ಕೂರುವ ಮೊದಲು ಮಣೆ ತಟ್ಟುತ್ತಿದ್ದರು, ಕೈತೊಳೆದು ಏಳುವಾಗ ಗೋಡೆ ತಟ್ಟುತ್ತಿದ್ದರು, ಕೋಲೆತ್ತಿ ಸೂರು ತಟ್ಟುತ್ತಿದ್ದರು. ಬಾಗಿಲನ್ನಂತೂ ಒಳಗೆ ಬಂದ ಮೇಲೆ ತಟ್ಟುತ್ತಿದ್ದರು! ತಟ್ಟಿದ ಜಾಗದಲ್ಲಿ ಅಂಗೈ ಊರಿ, ಕಣ್ಣು ಮುಚ್ಚಿ, ಒಂದು ಗಳಿಗೆ ಧ್ಯಾನ ಮಾಡಿ, "ಗಟ್ಟಿ" ಅಥವಾ "ಟೊಳ್ಳು" ಎಂದು ತೀರ್ಪು ಕೊಡುತ್ತಿದ್ದರು. ಆ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ.

ಇದು ಹುಟ್ಟಿನಿಂದ ಬಂದ ಚಾಳಿಯಲ್ಲ. ಪ್ರಾಯದಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ ಕೆಲಸ ಮಾಡುವಾಗ ಅಂಟಿಕೊಂಡದ್ದು. ಸಿಡಿಮದ್ದು ಹಾರಿಸಿದ ಮೇಲೆ ಕೂಲಿಯವರು ಒಳಗೆ ಕಾಲಿಡುವ ಮೊದಲು ಒಬ್ಬರು ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ನೋಡಬೇಕು. ಗಟ್ಟಿ ಬಂಡೆ ಖಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ದೊಪ್ ಎನ್ನುತ್ತದೆ. ಆ ಒಬ್ಬರು ನಮ್ಮ ಮಾವನವರಾಗಿದ್ದರು. ಆಮೇಲೆ ಅದೇಕೋ ಕೆಳಗಿನ ಕೆಲಸ ಸಾಕೆಂದು ತಾವೇ ಕೇಳಿಕೊಂಡು ಮೇಲಕ್ಕೆ ಬಂದು, ಗಣಿಗೆ ಮರ ಒದಗಿಸುವ ಅಡ್ಡೆಯಲ್ಲಿ ಮೇಸ್ತ್ರಿಯಾದರು. ಸಲಾಕೆ ಬಿಟ್ಟರು, ತಟ್ಟುವುದನ್ನು ಬಿಡಲಿಲ್ಲ.

ಜೊತೆಗೆ ಮಾತು! ಅಯ್ಯೋ, ಆ ಮಾತು! ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಹೊರಳಿ, ತಮಿಳಿನಲ್ಲಿ ಹೋಗಿ ನಿಲ್ಲುತ್ತಿತ್ತು. ಎದುರಿಗಿದ್ದವರು ಬಾಯಿ ತೆರೆಯುವಷ್ಟರಲ್ಲಿ ಅವರ ಪಾಲಿನ ಮಾತನ್ನೂ ತಾವೇ ಆಡಿ, ಅದಕ್ಕೆ ಉತ್ತರವನ್ನೂ ತಾವೇ ಕೊಟ್ಟು, ಟವೆಲ್ಲು ಕೊಡವಿ ಎದ್ದು ಹೋಗುತ್ತಿದ್ದರು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ ಹೇಳಿ?

ಬಂಗಾರಪೇಟೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನವೇ ಇವರ ದರ್ಶನವಾಗಿತ್ತು. ನಾನು ಚಾಪೆಯ ಮೇಲೆ ತಲೆತಗ್ಗಿಸಿ ಕೂತು, ವಾರವಿಡೀ ಕಲಿತ ದೇವರ ಹಾಡು ಹೇಳುತ್ತಿದ್ದರೆ ಇವರು ಎದ್ದು ಹೋಗಿ ನಡುಮನೆಯ ಕಂಬ ತಟ್ಟುತ್ತಿದ್ದರು! ಹಾಡು ಮುಗಿಯಿತು. ಎಲ್ಲರೂ ಅವರ ಮುಖ ನೋಡಿದರು. ಕಂಬದ ಮೇಲೆ ಕೈಯಿಟ್ಟುಕೊಂಡೇ, "ಗಟ್ಟಿ ಐತೆ, ಒಪ್ಗೆ" ಎಂದರು. ಒಪ್ಪಿಗೆ ನನಗೋ ಕಂಬಕ್ಕೋ? ನಮ್ಮಪ್ಪ ಧೈರ್ಯ ಮಾಡಿ ಕೇಳುವಷ್ಟರಲ್ಲಿ ಅವರು ಹಿತ್ತಲಿನ ಗೋಡೆಯ ಹತ್ತಿರ ಹೋಗಿಯಾಗಿತ್ತು. ಹೀಗೆ ನಾನು ಅವರ ಎರಡನೇ ಮಗನ ಕೈಹಿಡಿದು, ಮಾರಿಕುಪ್ಪಂ ಹತ್ತಿರ ಗಣಿಯವರ ಸಾಲುಮನೆಗಳ ಲೈನಿಗೆ ಸೊಸೆಯಾಗಿ ಬಂದೆ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ.

ಮರುವರ್ಷ ಬಸುರಾದೆ. ಏಳನೇ ತಿಂಗಳು ಹತ್ತಿರವಾಗುವ ಹೊತ್ತಿಗೆ ಎಡಗಿವಿ ಕೈಕೊಟ್ಟಿತು! ಮೊದಲು ಗುಂಯ್ ಎಂದಿತು, ಆಮೇಲೆ ಮುಚ್ಚಿಕೊಂಡಿತು, ಆಮೇಲೆ ನೋಯತೊಡಗಿತು. ಅದೆಂಥ ನೋವು ಅಂತೀರಿ! ಅಗಿದರೆ ನೋವು, ಆಕಳಿಸಿದರೆ ನೋವು, ಆ ಮಗ್ಗುಲಿಗೆ ತಿರುಗಿದರೆ ಕಣ್ಣಲ್ಲಿ ನೀರು. ಬಲಗಿವಿಯೂ ಅದೇ ದಾರಿ ಹಿಡಿಯುವ ಲಕ್ಷಣ ತೋರಿಸಿತು. ಬಸುರಿಯರಿಗೆ ವಾಂತಿಯಾಗುತ್ತದೆ, ಕಾಲು ಊದುತ್ತದೆ, ಹುಳಿ ಬೇಕೆನ್ನಿಸುತ್ತದೆ ಎಂದೆಲ್ಲ ಕೇಳಿದ್ದೆ. ಗುಗ್ಗೆ ಕಟ್ಟಿ ಕಿವಿ ಕಲ್ಲಾಗುತ್ತದೆ ಎಂದು ಒಬ್ಬರಾದರೂ ಹೇಳಬಾರದಿತ್ತೇ? ನೋವನ್ನು ಹೇಗೋ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಹೆದರಿಕೆ. ಕಿವಿ ಹೀಗೇ ಉಳಿದು, ನಾಳೆ ಹುಟ್ಟುವ ಮಗು ನನ್ನ ಪಕ್ಕದಲ್ಲೇ ಮಲಗಿ ಅತ್ತರೂ ನನಗೆ ಕೇಳದೇ ಹೋದರೆ? ಅದನ್ನು ಅತ್ತೆಯ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ.

ಅತ್ತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದರು. ಕಿವಿಯಲ್ಲಿ ಒಗ್ಗರಣೆಯ ವಾಸನೆ ಬಂತೇ ಹೊರತು ಗುಗ್ಗೆ ಬರಲಿಲ್ಲ. ಪಕ್ಕದ ಮನೆಯ ತಮಿಳಿನ ಅಕ್ಕ ಪಾಪ, ಮರುಕದಿಂದ ತಲೆಪಿನ್ನು ಹಿಡಿದುಕೊಂಡೇ ಬಂದಳು. ಬಸುರಿಯ ಕಿವಿಗೆ ಕಬ್ಬಿಣ ತಾಕಿಸಕೂಡದೆಂದು ಅತ್ತೆ ಅವಳನ್ನು ಹೊಸ್ತಿಲಲ್ಲೇ ತಡೆದರು. ಈ ಗಲಾಟೆಯ ನಡುವೆ ಮರದ ಅಡ್ಡೆಯಿಂದ ಮಾವನವರು ಬಂದರು. ಅತ್ತೆ ಅವರೆದುರು ಕೂತು, ಕಿವಿ ತೋರಿಸಿ, ಹೊಟ್ಟೆ ತೋರಿಸಿ, ಮಗುವನ್ನು ತೂಗುವಂತೆ ಕೈಯಾಡಿಸಿ ಎಲ್ಲ ವಿವರಿಸಿದರು. ಮಾವನವರ ಮುಖದಲ್ಲಿ ಅಂಥ ಕಳೆ ನಾನು ಹಿಂದೆ ನೋಡಿರಲಿಲ್ಲ. ಗಣಿ ಬಿಟ್ಟ ಮೇಲೆ ಅವರಿಗೆ ತಕ್ಕ ಕೆಲಸ ಸಿಕ್ಕಿದ್ದು ಅದೇ ಮೊದಲಿರಬೇಕು!

"ಒಳಗೆ ಮೊಮ್ಮಗ ಕೆಲ್ಸ ಸುರು ಮಾಡ್ಬುಟ್ಟವ್ನೆ ಕಣೇ," ಎಂದು ಅತ್ತೆಗೆ ತಿಳಿಸಿದರು. "ಒಡ್ದ ಕಸಾನೆಲ್ಲ ಮೇಲಕ್ ತಳ್ತಾವ್ನೆ. ಮೇಲಿನ್ ಬಾಯಿ ಕಟ್ಕೊಂಡೈತೆ, ಅಷ್ಟೇಯ."

ನೋಡಿದಿರಾ ವೈದ್ಯ! ನನ್ನ ಹೊಟ್ಟೆಯೆಂದರೆ ಗಣಿಯ ತಳ, ಕಿವಿಯೆಂದರೆ ಗಣಿಯ ಬಾಯಿ! ಅಂದಿನಿಂದ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಹೊಸ್ತಿಲಲ್ಲಿ ನಿಂತು, ನನ್ನ ಕಡೆ ನೋಡದೆ, ನನ್ನ ಹೊಟ್ಟೆಗೆ ಅಪ್ಪಣೆ ಮಾಡತೊಡಗಿದರು: ಇವತ್ತಿಗೆ ಶಿಫ್ಟು ಸಾಕು, ತೆಪ್ಪಗೆ ಮಲಗು. ಒಳಗಿನಿಂದ ಒಂದು ಒದೆ ಬೀಳುತ್ತಿತ್ತು. ಮೇಸ್ತ್ರಿಯ ಮಾತು ಯಾವ ಕೂಲಿಗೆ ತಾನೇ ಹಿಡಿಸುತ್ತದೆ?

ಕಿವಿಯೊಳಗೆ ಇಣುಕಿ ನೋಡಬೇಕಲ್ಲ, ಸೊಸೆಯನ್ನು ಮಾವ ಮುಟ್ಟುವಂತಿಲ್ಲ. ಅದಕ್ಕೆ ಅವರು ಮಾರು ದೂರದಲ್ಲಿ ನಿಂತು ಮೇಸ್ತ್ರಿಕೆ ಮಾಡಿದರು, ಅತ್ತೆ ಕೂಲಿಯಾದರು. ಗಣಿಯೊಳಗೆ ಹಿಡಿಯುತ್ತಿದ್ದ ಹಳೆಯ ಕಾರ್ಬೈಡ್ ದೀಪ ಅಟ್ಟದಿಂದ ಇಳಿಯಿತು. ಎಡಕ್ಕೆ ಹಿಡಿ, ಮೇಲಕ್ಕೆ ಹಿಡಿ, ಇನ್ನೂ ಹತ್ತಿರ ಎಂದು ಇವರು ಹೇಳುತ್ತ ಹೋದರು, ಅತ್ತೆ ಹಿಡಿಯುತ್ತ ಹೋದರು, ಚುರ್ ಎಂದು ನನ್ನ ಮುಂಗುರುಳು ಸುಟ್ಟಿತು! ಕಿವಿಯೊಳಗೆ ಕಂಡದ್ದು ಕತ್ತಲೆ ಮಾತ್ರ. ಆಮೇಲೆ ಅತ್ತೆಯ ಕೈಗೆ ಮರದ ಸೌಟು ಕೊಟ್ಟು ನನ್ನ ಕಿವಿಯ ಹಿಂದೆ ಮೆಲ್ಲಗೆ ತಟ್ಟಿಸಿದರು. ಲೈನಿನ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ಎಡ ಟೊಳ್ಳು, ಬಲ ಗಟ್ಟಿ ಎಂದು ಅವರಿಗೆಲ್ಲ ಸಾರಲಾಯಿತು. ಸಂಜೆಯೊಳಗೆ ಬಾವಿಕಟ್ಟೆಯಲ್ಲಿ ನನ್ನ ತಲೆ ಟೊಳ್ಳೆಂದು ಸುದ್ದಿಯಾಗಿತ್ತು.

ಕೊನೆಗೆ ನೀರಿನ ಪ್ರಯೋಗ. ಬಂಡೆ ಕೊರೆಯುವಾಗ ನೀರು ಬಿಡುತ್ತಾರಂತೆ, ಪುಡಿ ಕೊಚ್ಚಿಕೊಂಡು ಹೋಗುತ್ತದಂತೆ. ಕೂಸಿಗೆ ಹಾಲು ಕುಡಿಸಲು ತಂದಿಟ್ಟಿದ್ದ ಹೊಸ ಒಳಲೆ ಹೊರಗೆ ಬಂತು. ಮಗು ಬಾಯಿಡುವ ಮೊದಲೇ ಅದರ ಮೂತಿ ನನ್ನ ಕಿವಿಗೆ ಬಂತು! ಅತ್ತೆ ಬೆಚ್ಚಗಿನ ನೀರು ಸುರಿದರು, ಮಾವನವರು ಇನ್ನೂ ಬಿಡು, ಇನ್ನೂ ಬಿಡು ಎಂದು ಹುರಿದುಂಬಿಸಿದರು. ಒಳಗಿದ್ದ ಗುಗ್ಗೆ ನೀರು ಕುಡಿದು ಊದಿಕೊಂಡಿತು. ಅಯ್ಯಪ್ಪಾ! ತಲೆಯೇ ಸೀಳಿಹೋಯಿತೇನೋ ಎನ್ನುವ ಹಾಗೆ ನೋವಾಗಿ ನಾನು ಕಿರುಚಿ ಬಿದ್ದೆ. ಇದ್ದಬದ್ದ ಶಬ್ದವೂ ಆ ಕಿವಿಯಲ್ಲಿ ಆರಿಹೋಯಿತು.

ಮಾವನವರು ನನ್ನ ಬಾಯಿ ನೋಡಿದರು, ಹಿಡಿದುಕೊಂಡ ಕಿವಿ ನೋಡಿದರು, ಗೋಡೆಗೊರಗಿ ಕೂತುಬಿಟ್ಟರು. ಆ ದಿನ ಅವರ ಬಾಯಿಂದ ಮಾತೇ ಬರಲಿಲ್ಲ. ಲೈನಿನವರು ಅವರಿಗೇ ಕಾಯಿಲೆಯೆಂದು ನೋಡಲು ಬಂದರು! ಮರುದಿನ ಬೆಳಗ್ಗೆ ಟವೆಲ್ಲು ಹೆಗಲಿಗೇರಿಸಿ ಎದ್ದು ನಿಂತು, ಬಂಗಾರಪೇಟೆಯ ಡಾಕ್ಟರಿಗೆ ತೋರಿಸೋಣ, ಹೇಗೂ ಬಾಣಂತನಕ್ಕೆ ತವರಿಗೆ ಹೋಗಬೇಕಾದವಳೇ, ಈಗಲೇ ಹೊರಡಲಿ ಎಂದರು. "ಕೂಸು ಅತ್ರೆ ತಾಯ್ಗೆ ಕೇಳ್ಬೇಕು," ಎಂದು ಅತ್ತೆಗೆ ಮತ್ತೆ ಮತ್ತೆ ಹೇಳಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟಕ್ಕೆ ಅತ್ತೆ ಯಾಕೆ ಅಳಬೇಕು ಎಂದು ನನಗೆ ತಿಳಿಯಲಿಲ್ಲ.

ಮಾರಿಕುಪ್ಪಂನಲ್ಲಿ ರೈಲು ಹತ್ತಿದೆವು. ಹತ್ತುವ ಮೊದಲು ಡಬ್ಬಿ ತಟ್ಟಿದ್ದು, ಕೂರುವ ಮೊದಲು ಹಲಗೆ ತಟ್ಟಿದ್ದು ಬೇರೆ ಹೇಳಬೇಕೇ? ಬಂಗಾರಪೇಟೆಯಲ್ಲಿ ಇಳಿದಾಗ ಒಂದು ವಿಶೇಷ ನಡೆಯಿತು. ರೈಲ್ವೆಯವನೊಬ್ಬ ಉದ್ದ ಹಿಡಿಯ ಸುತ್ತಿಗೆ ಹಿಡಿದು ಗಾಡಿಯ ಚಕ್ರಗಳನ್ನು ಒಂದೊಂದಾಗಿ ತಟ್ಟುತ್ತ ಬರುತ್ತಿದ್ದ! ಮಾವನವರು ಗಂಟು ಕೆಳಗಿಟ್ಟು ಅವನ ಹಿಂದೆ ಹೊರಟೇಬಿಟ್ಟರು. ಅವನು ತಟ್ಟಿದ ಚಕ್ರದ ಮೇಲೆಲ್ಲ ಇವರು ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಯಾರೋ ಮೇಲಧಿಕಾರಿ ಮಫ್ತಿಯಲ್ಲಿ ಬಂದಿದ್ದಾರೆಂದು ಅವನು ಬೆವೆತು ಸಲಾಮು ಹೊಡೆದ. ಇವರು ಸಲಾಮು ಸ್ವೀಕರಿಸಿ, ಚಕ್ರಗಳೆಲ್ಲ ಗಟ್ಟಿಯಾಗಿವೆ, ಗಾಡಿ ಬಿಡಬಹುದು ಎಂದು ಅಪ್ಪಣೆ ಕೊಟ್ಟು ಬಂದರು. ಕಿವಿನೋವಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಡಾಕ್ಟರು ಒಳ್ಳೆಯವರು. ತಮ್ಮ ಮೇಜನ್ನು ತಟ್ಟಿಸಿಕೊಂಡೂ ಸಿಟ್ಟಾಗಲಿಲ್ಲ. ಸಣ್ಣ ಕನ್ನಡಿಯಿಂದ ಬೆಳಕು ಬಿಟ್ಟು ನೋಡಿ, ಇದು ಬರೀ ಗುಗ್ಗೆ, ಕಲ್ಲಿನ ಹಾಗೆ ಗಟ್ಟಿಯಾಗಿದೆ, ಬಸುರಿಗೂ ಇದಕ್ಕೂ ಸಂಬಂಧವಿಲ್ಲ, ಹೆದರುವಂಥದ್ದೇನಿಲ್ಲ ಎಂದರು. ಕೆಲವು ದಿನ ಬೆಚ್ಚಗಿನ ಎಣ್ಣೆಯ ಹನಿ ಬಿಟ್ಟು ಮೆತ್ತಗೆ ಮಾಡಿಕೊಂಡು ಬರಬೇಕು, ಆಮೇಲೆ ತಾವೇ ತೊಳೆಯುವುದಾಗಿ ಹೇಳಿದರು. ಬೀಗರ ಮನೆಯಲ್ಲಿ ಉಳಿಯುವುದು ಮಾವನವರ ಮರ್ಯಾದೆಗೆ ಒಪ್ಪಲಿಲ್ಲ. ಆದರೆ ಪ್ರತಿ ಸಂಜೆಯ ಗಾಡಿಗೆ ಬಂದು, ನಮ್ಮ ಮನೆಯ ಮುಂದೆ ಬೀದಿಯಲ್ಲಿ ನಿಂತು, "ಕೇಳ್ತೈತೇನವ್ವ?" ಎಂದು ಕೂಗುವುದಕ್ಕೆ ಮರ್ಯಾದೆ ಅಡ್ಡ ಬರಲಿಲ್ಲ! ನಾನು ಕಿಟಕಿಯಿಂದ ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಮುಖ ಸಣ್ಣಗೆ ಮಾಡಿಕೊಂಡು ಮುಂದಿನ ಗಾಡಿಗೆ ಹೊರಟುಹೋಗುತ್ತಿದ್ದರು.

ತೊಳೆಯುವ ದಿನ ಅವರೇ ಜೊತೆಗೆ ಬಂದರು. ನೋಡಲು ಧೈರ್ಯ ಸಾಲದೆ ಕಿಟಕಿಯ ಕಡೆ ಮುಖ ಮಾಡಿ ನಿಂತರು. ಡಾಕ್ಟರು ದೊಡ್ಡ ಹಿತ್ತಾಳೆ ಪಿಚಕಾರಿಯಲ್ಲಿ ಬೆಚ್ಚಗಿನ ನೀರು ತುಂಬಿ ಮೆಲ್ಲಗೆ ಬಿಟ್ಟರು. ಇನ್ನೊಂದು ಸಲ, ಮತ್ತೊಂದು ಸಲ. ಪುಳಕ್ ಎಂದು ಏನೋ ಜಾರಿ ಬೋಗುಣಿಗೆ ಬಿತ್ತು. ಕರಿ ಹುಣಸೇಬೀಜದಂಥ ಗುಗ್ಗೆ! ಅದರ ಹಿಂದೆಯೇ ಊರಿಗೆ ಊರೇ ನನ್ನ ಕಿವಿಯೊಳಕ್ಕೆ ನುಗ್ಗಿತು! ಸ್ಟೇಷನ್ನಿನ ಎಂಜಿನ್ನು, ಜಟಕಾ ಗಾಡಿ, ಸೊಪ್ಪಿನವಳ ಕೂಗು, ನನ್ನ ಕೈಯ ಬಳೆ! ಸಂತೋಷ ತಾಳಲಾರದೆ "ಮಾವ, ಕೇಳ್ತಾ ಐತೆ!" ಎಂದು ಕೂಗಿದೆ.

ಮಾವನವರು ತಿರುಗಲಿಲ್ಲ.

ಇನ್ನೊಮ್ಮೆ ಕೂಗಿದೆ. ಡಾಕ್ಟರೂ ಕರೆದರು. ಆಮೇಲೆ ನನ್ನ ಮುಖ ನೋಡಿ, ಖಾಲಿ ತಗಡಿನ ತಟ್ಟೆಯೊಂದನ್ನು ಬೇಕೆಂದೇ ನೆಲಕ್ಕೆ ಬಿಟ್ಟರು. ನಾನು ಬೆಚ್ಚಿಬಿದ್ದೆ. ಮಾವನವರು ಕಿಟಕಿಯ ಸರಳು ಹಿಡಿದು ಹಾಗೇ ನಿಂತಿದ್ದರು. ಡಾಕ್ಟರು ಹೋಗಿ ಹೆಗಲು ಮುಟ್ಟಿ ತಿರುಗಿಸಿ, ಕೂರಿಸಿ, ಅವರ ಎರಡು ಕಿವಿಯನ್ನೂ ನೋಡಿದರು. ಗುಗ್ಗೆ ಇರಲಿಲ್ಲ, ತೊಳೆಯುವುದಕ್ಕೆ ಏನೂ ಇರಲಿಲ್ಲ. ಗಣಿಯ ಸಿಡಿಮದ್ದು ಎಷ್ಟೋ ವರ್ಷದ ಹಿಂದೆಯೇ ಒಳಗಿನ ತಮಟೆ ಒಡೆದುಹಾಕಿತ್ತು.

ಮನೆಗೆ ನಡೆದು ಬರುವಾಗ ರೈಲ್ವೆ ಗೇಟಿನ ಹತ್ತಿರ ಅವರು ನಿಂತರು. "ದೊಡ್ಡೋನು ಉಟ್ಟಿದಾಗ ಅಳು ಕೇಳಿಸ್ತು ಕಣವ್ವ," ಎಂದರು. "ನಿನ್ ಗಂಡ ಉಟ್ಟಿದಾಗ ಬಾಯಿ ತೆಗ್ದಿದ್ದು ಕಂಡೆ. ಅಷ್ಟೇ. ನಿನ್ಗೂ ಅಂಗಾಗ್ಬಾರ್ದು ಅಂತ."

ಬಂಡೆಯ ದನಿ ಕೇಳದವನು ಇನ್ನೊಬ್ಬರನ್ನು ಅದರ ಕೆಳಗೆ ನಿಲ್ಲಿಸಬಾರದೆಂದೇ ಅವರು ಗಣಿಯೊಳಗಿನ ಕೆಲಸ ಬಿಟ್ಟಿದ್ದರು. ಕಾರಣ ಗೊತ್ತಿದ್ದದ್ದು ಅತ್ತೆಗೆ ಮಾತ್ರ. ತುಟಿ ನೋಡಿ ತಿಳಿದಷ್ಟು ತಿಳಿದುಕೊಂಡು, ತಟ್ಟಿದ್ದರ ಅದುರನ್ನು ಅಂಗೈಯಲ್ಲೇ ಹಿಡಿದು, ತಿಳಿಯದ ಕಡೆ ತಾವೇ ಮಾತಾಡಿ, ಇಷ್ಟು ವರ್ಷ ಊರನ್ನೆಲ್ಲ ನಂಬಿಸಿದ್ದರು! ಪುಣ್ಯಾತ್ಮರು ನಾನು ಹಾಡಿದ ಹಾಡನ್ನೂ ಕೇಳಿರಲಿಲ್ಲ. ನನಗೆ ದುಃಖ ಉಕ್ಕಿ ಬಂತು. ಯಾರಿಗೂ ಹೇಳುವುದಿಲ್ಲವೆಂದು ತಲೆಯಾಡಿಸಿದೆ.

ಹೆರಿಗೆ ಸುಖವಾಗಿ ಆಯಿತು, ಹೆಣ್ಣುಮಗು. ಮೊಮ್ಮಗ ಎಂದು ಸಾರಿದ್ದವರು ಮೊಮ್ಮಗಳನ್ನು ನೋಡಲು ಪುರುಡು ಕಳೆಯುವವರೆಗೂ ಕಾಯಲಿಲ್ಲ. ಸುದ್ದಿ ಮುಟ್ಟಿದ ದಿನವೇ ಗಾಡಿ ಹತ್ತಿ ಬಂದು ಬಾಗಿಲಲ್ಲಿ ನಿಂತರು. ನನ್ನ ಮಗಳ ಗಂಟಲೋ, ಬೀದಿಯ ಆ ತುದಿಗೆ ಕೇಳುವಂಥದ್ದು! ಅಳು ನಿಲ್ಲಿಸಲಾರದೆ ಮನೆಯವರೆಲ್ಲ ಸುಸ್ತಾಗಿದ್ದರು. ಮಾವನವರು ಎಲ್ಲರ ಹಿಂದೆ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಡಿ ಮೈಲಿಗೆ ಎಂದು ಅಮ್ಮ ಗದರುತ್ತಿದ್ದರೂ ಅವರನ್ನು ಕರೆದು ಕೂರಿಸಿ, ಮಗುವನ್ನು ಕೈಗೆ ಕೊಟ್ಟೆ. ಅವರು ಅದನ್ನು ಮೆಲ್ಲಗೆ ಎತ್ತಿ, ಅದರ ಎದೆಗೆ ಕೆನ್ನೆ ಆನಿಸಿಕೊಂಡರು. ಅಳು ಆ ಪುಟ್ಟ ಎದೆಯನ್ನು ನಡುಗಿಸುತ್ತಿತ್ತು.

"ಅಳ್ತಾ ಐತೆ," ಎಂದರು ಮಾವನವರು, ನಮಗ್ಯಾರಿಗೂ ಗೊತ್ತಿಲ್ಲದ ಸುದ್ದಿ ಹೇಳುವವರ ಹಾಗೆ. "ಅಳ್ತಾ ಐತೆ ಕಣ್ರವ್ವ."

ಹೌದು ಮಾವ ಎಂದೆ. ಅವರು ನನ್ನ ತುಟಿಯ ಕಡೆ ನೋಡಲಿಲ್ಲ.