ಲೈಸೆನ್ಸ್ ಇರುವ ಯಜಮಾನರು ಬೇಕಾಗಿದ್ದಾರೆ

ಕಾಫಿ ಹೂ ಬಿಡುವುದಕ್ಕಾದರೂ ಒಂದು ಕಾಲ ಅಂತ ಇದೆ, ವೀಸಾ ಪ್ರಶ್ನೆಗಳಿಗೆ ಅದೂ ಇಲ್ಲ. ಕುಶಾಲನಗರದ ಶುಂಠಿ ಮಂಡಿಯೊಂದರ ಮಹಡಿಯಲ್ಲಿ ವಿದೇಶ ವ್ಯಾಸಂಗದ ಆಫೀಸು ಇಟ್ಟುಕೊಂಡು ಕೂತವಳು ನಾನು. "ಇಲ್ಲಿ ವೀಸಾ ಕೊಡುವುದಿಲ್ಲ, ಮಾರ್ಗದರ್ಶನ ಮಾತ್ರ" ಅಂತ ಬೋರ್ಡ್ ಬರೆಸಿದ್ದೇನೆ. ಜನ ಅದೇ ಬೋರ್ಡಿನ ಕೆಳಗೆ ನಿಂತು, "ಮೇಡಂ, ವೀಸಾ ಇವತ್ತೇ ಸಿಗುತ್ತಾ?" ಅನ್ನುತ್ತಾರೆ. ಆದರೂ ಭಾಗಮಂಡಲದ ಕಡೆಯ ಗೌಡರೊಬ್ಬರ ಮುಂದೆ ಅವರೆಲ್ಲ ಏನೂ ಅಲ್ಲ.

ಕೋವಿಯ ರಿಯಾಯಿತಿ

ಗೌಡರಿಗೆ ಕಾಫಿ ತೋಟ, ಜೊತೆಗೊಂದು ಹೋಂಸ್ಟೇ. ಮಗಳು ಇಂಗ್ಲೆಂಡಿನಲ್ಲಿ ಆಹಾರ ವಿಜ್ಞಾನ ಓದುತ್ತಿದ್ದಳು. ವಿದ್ಯಾರ್ಥಿ ವೀಸಾ ಮುಗಿಯುವುದರೊಳಗೆ ಕೆಲಸದ ವೀಸಾಕ್ಕೆ ಬದಲಾಗದಿದ್ದರೆ ಗಂಟುಮೂಟೆ ಕಟ್ಟಬೇಕು.

"ಅದಕ್ಕೆ ಏನೇನು ಬೇಕು ಮೇಡಂ?"

"ಕೋರ್ಸ್ ಮುಗಿಸಬೇಕು. ಕೆಲಸ, ಸಂಬಳ ಅವರು ಹೇಳಿದ ಮಟ್ಟದ್ದಿರಬೇಕು. ಮುಖ್ಯವಾಗಿ, ಕೆಲಸ ಕೊಡೋ ಕಂಪನಿಗೆ ಹೊರದೇಶದವರನ್ನ ಇಟ್ಕೊಳ್ಳೋ ಲೈಸೆನ್ಸ್ ಇರಬೇಕು."

ಗೌಡರ ಮೀಸೆ ಕುಣಿಯಿತು. "ಕೆಲಸ ಕೊಡಕ್ಕೂ ಲೈಸೆನ್ಸಾ? ನಮ್ಮದು ರಾಜರ ಕಾಲದಿಂದ ವಂಶಕ್ಕೆ ಬಂದ ಜಮ್ಮಾ ಜಾಗ. ಕೋವಿಗೇ ನಮಗೆ ಲೈಸೆನ್ಸ್ ಬೇಡ ಅಂತ ಬ್ರಿಟಿಷರ ಕಾಲದಿಂದ ರಿಯಾಯಿತಿ ಇದೆ. ಅವರೇ ಅಲ್ವಾ ಇವರು? ಅದನ್ನ ತೋರಿಸಿದ್ರೆ ಮಗಳಿಗೆ ಏನಾದ್ರೂ..."

ವೀಸಾ ಆಫೀಸಿಗೆ ಕೋವಿಯ ಕಾಗದ ಕಳಿಸಿದರೆ ಮಗಳನ್ನು ಕೆಲಸಕ್ಕಲ್ಲ, ಠಾಣೆಗೆ ಕರೆಯುತ್ತಾರೆ ಅಂತ ತಿಳಿಹೇಳುವಷ್ಟರಲ್ಲಿ ನನ್ನ ಗಂಟಲ ಪಸೆ ಆರಿತು.

ಅತಿಥಿ ಸತ್ಕಾರ

ಅಂದಿನಿಂದ ಹೋಂಸ್ಟೇಗೆ ಬಂದ ವಿದೇಶಿಯರನ್ನೆಲ್ಲ ಗೌಡರು ಊಟದ ಮೇಜಿನಲ್ಲೇ ಸಂದರ್ಶನ ಮಾಡತೊಡಗಿದರು. ನಿಮ್ಮ ಕಂಪನಿ ಯಾವುದು, ಲೈಸೆನ್ಸ್ ಇದೆಯಾ, ನನ್ನ ಮಗಳನ್ನು ಇಟ್ಟುಕೊಳ್ಳುತ್ತೀರಾ? "ಪಾಪ, ತಿನ್ನಕ್ಕಾದ್ರೂ ಬಿಡಿ ಮಾರಾಯ್ರೆ" ಅಂತ ಹೆಂಡತಿ ಒಳಗಿನಿಂದ ಕೂಗಿದರೂ ಕೇಳುವವರಿಲ್ಲ.

ಹಕ್ಕಿ ನೋಡಲು ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ದೇಶಕ್ಕೆ ಮರಳಿ ಇಂಟರ್ನೆಟ್ಟಿನಲ್ಲಿ ಬರೆದರು: "ನೋಟ ಸೊಗಸು, ಊಟ ಸೊಗಸು. ಆದರೆ ನನಗೆ ಕಂಪನಿ ಇಲ್ಲ ಎಂದ ಮೇಲೆ ಹಂದಿ ಮಾಂಸದ ಆ ಪಂದಿ ಕರಿ ಎರಡನೇ ಸಲ ಬರಲಿಲ್ಲ."

ಕಹಿ ಕಾಫಿ

ಅತ್ತ ಮಗಳಿಗೆ ಕಂಪನಿಗಳದೆಲ್ಲ ಬೆಣ್ಣೆಯಿಂದ ಕೂದಲು ತೆಗೆದಂಥ ಉತ್ತರ. "ಆಂಟಿ, ಎಲ್ರೂ ನೀನು ಬಹಳ ಚೆನ್ನಾಗಿದೀಯ, ಆದ್ರೆ ನಮ್ಮಲ್ಲಿ ಲೈಸೆನ್ಸ್ ಇಲ್ಲ ಅಂತಾರೆ" ಅಂತ ನನಗೆ ಫೋನ್ ಮಾಡಿ ಅತ್ತೇಬಿಟ್ಟಳು.

ಕೊನೆಗೂ ದೇವರು ಕಣ್ಣು ಬಿಟ್ಟ. ಲೈಸೆನ್ಸ್ ಇದ್ದ ಕಾಫಿ ಕಂಪನಿಯೊಂದು ಗುಣಮಟ್ಟ ಪರೀಕ್ಷೆಗೆ ಅವಳನ್ನು ತೆಗೆದುಕೊಂಡಿತು. ದಿನವಿಡೀ ಕಾಫಿ ರುಚಿ ನೋಡಿ ತಪ್ಪು ಹುಡುಕುವ ಕೆಲಸ. ವೀಸಾನೂ ಬದಲಾಯಿತು.

ಸಿಹಿ ಹಂಚಲು ಬಂದ ಗೌಡರ ಹೆಂಡತಿಗೆ ಮಾತ್ರ ಸಮಾಧಾನವಿಲ್ಲ. "ನಾನು ಮಾಡಿದ ಕಾಫಿಲಿ ದಿನಾ ಬೆಳಿಗ್ಗೆ ಬಿಟ್ಟಿಯಾಗಿ ತಪ್ಪು ಹುಡುಕ್ತಿದ್ಲು. ಅದಕ್ಕೆ ಸಂಬಳ ಬೇರೆ ಕೊಡ್ತಾರಾ!"

ಗೌಡರ ಹೊಸ ಅಭ್ಯರ್ಥಿ

ಪೀಡೆ ಕಳೆಯಿತು ಅಂದುಕೊಂಡೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತ, ಕಾಫಿ ಹಣ್ಣು ಕುಯ್ಯುವ ಪಿಕ್ಕಿಂಗ್ ಸಮಯದಲ್ಲಿ ಗೌಡರು ಮತ್ತೆ ಹಾಜರ್. ಹಿಂದೆ ತೆಂಗಿನಮರದೆತ್ತರದ ಬಿಳಿ ಹುಡುಗ.

"ಇವ್ನು ನಮ್ಮ ಹೋಂಸ್ಟೇಗೆ ಬಂದೋನು ಮೇಡಂ. ಊರಿಗೆ ಹೋಗಲ್ಲ, ತೋಟದಲ್ಲೇ ಇರ್ತೀನಿ ಅಂತಾನೆ. ಕಾಫಿ ಕುಯ್ಯಕ್ಕೆ ಏಣಿನೂ ಬೇಡ ಇವನಿಗೆ. ಟೂರಿಸ್ಟ್ ವೀಸಾ ತೆಗೆದು ಕೆಲಸದ ವೀಸಾ ಮಾಡಿಕೊಡಿ."

"ಆಗಲ್ಲ ಗೌಡ್ರೇ. ಅವನ ದೇಶಕ್ಕೆ ಹೋಗಿ ಅಲ್ಲಿಂದ ಅರ್ಜಿ ಹಾಕಬೇಕು. ನಮ್ಮಲ್ಲೂ ಸಂಬಳಕ್ಕೆ ಮಟ್ಟ ಇದೆ. ಮೇಲಾಗಿ ಆ ಕೆಲಸಕ್ಕೆ ಈ ದೇಶದಲ್ಲಿ ಜನ ಸಿಗಲ್ಲ ಅಂತಿರಬೇಕು."

ಗೌಡರು ಕುರ್ಚಿಯಿಂದ ಎದ್ದೇಬಿಟ್ಟರು. "ಪಿಕ್ಕಿಂಗಿಗೆ ಜನ ಸಿಗಲ್ಲ ಅನ್ನೋದಕ್ಕೆ ಇಡೀ ಕೊಡಗೇ ಸಾಕ್ಷಿ ಹೇಳುತ್ತೆ!"

"ಅದು ನಡೆಯಲ್ಲ. ಇಲ್ಲ ಅಂತ ಹೇಳಿಬಿಡಿ ಅವನಿಗೆ."

ಗೌಡರ ದನಿ ತಗ್ಗಿತು. "ನನ್ನ ಬಾಯಲ್ಲಿ ಬರಲ್ಲ ಮೇಡಂ. ನನ್ನ ಮಗಳಿಗೆ ಎಷ್ಟು ಜನ ಹಾಗಂದ್ರು. ನೀವೇ ಹೇಳಿ."

ನಾನೇ ಹೇಳಿದೆ. ಹುಡುಗನ ಮುಖ ಬಾಡಿತು. ಗೌಡರು ಅವನ ಬೆನ್ನು ತಟ್ಟಿ, ತಮಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಸಮಾಧಾನ ಹೇಳಿದರು: "ಡೋಂಟ್ ವರಿ. ಕಮ್, ಈಟ್ ಪಂದಿ ಕರಿ. ಇನ್ ಕೊಡಗು, ಫಾರ್ ಗನ್ ನೋ ಲೈಸೆನ್ಸ್, ಫಾರ್ ಪಂದಿ ಕರಿ ನೋ ಲೈಸೆನ್ಸ್. ಓನ್ಲಿ ಫಾರ್ ಯೂ, ಲೈಸೆನ್ಸ್!"