ಮಾವ ಗುಳಿಗೆಯ ದರ ಕೇಳಿದ್ದು

ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಯಾವ ಔಷಧಿ ಅಂಗಡಿಯಲ್ಲಾದರೂ ವಿಚಾರಿಸಿ ನೋಡಿ. ನನ್ನ ಸೋದರಮಾವ ಬಸ್ಸಿನಿಂದ ಇಳಿದ ಅಂದರೆ ಸಾಕು, ಅಂಗಡಿಯವರೇ ತಲೆನೋವಿನ ಗುಳಿಗೆ ಹುಡುಕುತ್ತಾರೆ! ಮಾವ ಪುಂಡನೇನಲ್ಲ. ಈ ದಾರಿಯ ಸರ್ಕಾರಿ ಬಸ್ಸಿನ ಕಂಡಕ್ಟರ್. ಕೊಳ್ಳುವುದು ಒಂದು ಕಡೆ, ದರ ಕೇಳುವುದು ಹತ್ತು ಕಡೆ, ಅಷ್ಟೇ ಅವನ ರೋಗ.

ಅವನ ಒಂಬತ್ತು ವರ್ಷದ ಮಗಳ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಲೆಕ್ಕ ಮಾಡುತ್ತ ಕೂತವಳು ಇರುವೆಯ ಬೆನ್ನು ಹತ್ತಿ ಹಿತ್ತಲಿಗೆ ಹೋಗಿರುತ್ತಾಳೆ. ನವನಗರದ ಡಾಕ್ಟರು ಪರೀಕ್ಷಿಸಿ, ಇದು ಎಡಿಎಚ್‌ಡಿ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಒಂದು ದಿನವೂ ತಪ್ಪಿಸಬಾರದಂತೆ. ತಿಂಗಳ ಖರ್ಚು ಕೇಳಿಯೇ ಅತ್ತೆ ಹೌಹಾರಿದಳು. “ಹುಚ್ಚಿನ ಗುಳಿಗಿ ಅಂದ್ರ ಮಂದಿ ಏನಂದಾರು?” ಎಂಬ ಚಿಂತೆ ಅದಕ್ಕಿಂತ ದೊಡ್ಡದು. ನಿಲ್ಲಿಸಿಬಿಡೋಣ ಎಂದು ಅವಳ ಹಟ, ಕೂಡದು ಎಂದು ಮಾವನ ಹಟ.

ಅಂದಿನಿಂದ ಶುರುವಾಯಿತು ನೋಡಿ ದರದ ಬೇಟೆ! ಚಹಾಕ್ಕೆಂದು ಬಸ್ಸು ನಿಂತಲ್ಲೆಲ್ಲ ಮಾವ ಚೀಟಿ ಹಿಡಿದು ಓಡುತ್ತಾನೆ. ಅಮೀನಗಡದಲ್ಲಿ ಒಬ್ಬ, “ಆ ಗುಳಿಗಿ ನಾವು ಇಡೂದಿಲ್ರಿ, ಕರದಂಟು ಬೇಕಂದ್ರ ಬಾಜೂಕ ಐತಿ” ಎಂದ. ಮಾವ ಬಿಡುತ್ತಾನೆಯೇ? ಬಾಜೂಕ್ಕೆ ಹೋಗಿ ಕರದಂಟಿನ ದರವನ್ನೂ ಕೇಳಿಕೊಂಡು ಬಂದ.

ಹುನಗುಂದದಲ್ಲಿ ಇಡೀ ಬಸ್ಸೇ ಇವನ ದಾರಿ ಕಾಯುತ್ತಿತ್ತು. “ಏನಾತ್ರಿ ಕಂಡಕ್ಟರ್ ಸಾಹೇಬ್ರ, ರೇಟು?”

“ಇಲ್ಲಿ ಗುಳಿಗಿ ಪಟ್ಟಿ ಅಗ್ಗ ಐತ್ರಿ!” ಎಂದು ಮಾವ ಸಾರಿದ.

ಮರೋಳದ ಮುದುಕಿಯೊಬ್ಬಳು ಎಲೆಅಡಿಕೆ ಜಗಿಯುತ್ತ, “ಪಟ್ಟಿ ಮಾತು ಬಿಡೋ ತಮ್ಮಾ. ಅದರಾಗ ಗುಳಿಗಿ ಎಷ್ಟದಾವು?” ಎಂದಳು. ನೋಡಿದರೆ ಇಲ್ಲಿನ ಪಟ್ಟಿಯಲ್ಲಿ ಹತ್ತು, ಬಾಗಲಕೋಟೆಯದರಲ್ಲಿ ಹದಿನೈದು! ಅಗ್ಗವೆಂದದ್ದೇ ತುಟ್ಟಿಯಾಗಿತ್ತು. ಅಂದಿನಿಂದ ಒಂದು ಗುಳಿಗೆಗೆ ಎಷ್ಟು ಬಿತ್ತು ಎಂದೇ ಅವನು ಲೆಕ್ಕ ಹಾಕುವುದು.

ವಾರದ ರಜೆಯಲ್ಲಿ ಬಾದಾಮಿಗೂ ಹೋಗಿಬಂದ. ಜನ ಎಲ್ಲೆಲ್ಲಿಂದಲೋ ಗುಹೆ ನೋಡಲು ಬರುವ ಊರು. ಇವನು ಗುಹೆಗಳ ಕಡೆ ಬೆನ್ನು ಮಾಡಿ ಔಷಧಿ ಅಂಗಡಿಗಳನ್ನು ಎಣಿಸಿದ! ಬಂದವನೇ ನನಗೆ ಪಾಠ ಹೇಳಿದ:

“ಒಂದು ಗುಳಿಗಿ ಮುಂಜಾನೆ ನುಂಗಿದ್ರ ಸಾಲಿ ಬಿಡೂತನಾ ನಡೀತೈತಿ. ಇನ್ನೊಂದು ಅಗ್ಗ, ಖರೆ. ಆದ್ರ ಮಧ್ಯಾಹ್ನ ಮತ್ತ ನುಂಗಬೇಕು. ಅದು ನಾನ್‌ಸ್ಟಾಪ್, ಇದು ಎಲ್ಲಾ ಕಡೆ ನಿಲ್ಲೂ ಗಾಡಿ. ಎರಡಕ್ಕೂ ಒಂದ ಟಿಕೀಟು ಅಂದ್ರ ಹೆಂಗೋ?”

“ಹಂಗಾದ್ರ ಯಾವುದು ಕೊಡ್ತಿ?”

“ಡಾಕ್ಟರ್ ಬರದದ್ದು! ನಾ ಬರೇ ಕಂಡಕ್ಟರ್ ಅದೇನಿ.”

ಕಳೆದ ತಿಂಗಳು ಇಳಕಲ್ಲಿಗೆ ಹೋದಾಗ ನಾನೂ ಜೊತೆಗಿದ್ದೆ. ಔಷಧಿ ಅಂಗಡಿ ತುಂಬ ಗಿರಾಕಿಗಳು. ಮಾವ ಬಾಗಿಲಿನಿಂದಲೇ, “ನನ್ನ ಮಗಳ ಎಡಿಎಚ್‌ಡಿ ಗುಳಿಗಿ ಎಷ್ಟ್ರಿ?” ಎಂದು ಕೂಗಿದ. ಎಲ್ಲರೂ ತಿರುಗಿ ನೋಡಿದರು. ನಾನು ಮೆಲ್ಲಗೆ ಪಕ್ಕದ ಸೀರೆ ಅಂಗಡಿಗೆ ಸರಿದು, ಜನ್ಮದಲ್ಲಿ ಸೀರೆಯನ್ನೇ ಕಾಣದವನ ಹಾಗೆ ಸೆರಗು ನೋಡುತ್ತ ನಿಂತೆ. ಅವನು ಹೊರಗೆ ಬಂದಾಗ ನನಗೆ ಸಿಟ್ಟು ತಡೆಯಲಿಲ್ಲ.

“ಮಾಮಾ, ಎಲ್ಲೆಲ್ಲಿ ಎಷ್ಟು ಅಂತ ನಿನಗ ಬಾಯಿಪಾಠ ಆಗೇತಿ. ಮತ್ಯಾಕ ಕೇಳ್ತಿ? ಅದೂ ಊರಿಗೆಲ್ಲಾ ಕೇಳೂವಂಗ!”

ಮಾವ ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡ.

“ಮೊದಲನೇ ಸಲ ಮಗಳನ್ನೂ ಕರಕೊಂಡು ಹೋಗಿದ್ದೆ. ಯಾರರ ಕೇಳ್ಯಾರು ಅಂತ ಕೌಂಟರಿನ ಮ್ಯಾಲ ಬಗ್ಗಿ, ಸಣ್ಣ ದನೀಲೆ ಗುಳಿಗಿ ಹೆಸರು ಹೇಳಿದೆ. ಅಂಗಡಿಯಂವಾ ಪೇಪರಿನ್ಯಾಗ ಸುತ್ತಿ ಕೊಟ್ಟ, ನಾ ಅಂಗಿ ಒಳಗ ಇಟಗೊಂಡೆ. ಹೊರಗ ಬಂದ ಮ್ಯಾಲ ಹುಡುಗಿ ಕೇಳಿತು, ‘ಅಪ್ಪಾ, ನಾ ಏನರ ತಪ್ಪು ಮಾಡೇನೇನು?’ ಅಂತ.”

ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ತಿರುಗಿ ಅಂಗಡಿಗೆ ಹೋಗಿ, ಗಿರಾಕಿಗಳ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದೆ: “ನಮ್ಮ ಹುಡುಗಿ ಎಡಿಎಚ್‌ಡಿ ಗುಳಿಗಿ ಎಷ್ಟ್ರಿ?”

“ಈಗಷ್ಟೇ ಕಂಡಕ್ಟರ್ ಸಾಹೇಬ್ರಿಗೆ ಹೇಳಿದ್ನೆಲ್ರಿ!” ಎಂದ ಅಂಗಡಿಯವ.

“ನನಗೂ ಹೇಳ್ರಿ” ಎಂದೆ. “ಜೋರಾಗಿ.”